ಸುದ್ದಿ ಹೇಳೋಕೆ ಸರ್ಕಾರದ ಲೈಸೆನ್ಸ್ ಬೇಕಾ?



ಇವತ್ತು ಒಂದು ಸಣ್ಣ ಕಾರ್ಡಿನ ಬಗ್ಗೆ ಮಾತಾಡೋಣ. ಅಂಗೈ ಅಗಲದ ಕಾರ್ಡು. ಒಂದು ಫೋಟೋ, ಸರ್ಕಾರದ ಲಾಂಛನ, ವಾರ್ತಾ ಇಲಾಖೆಯ ಸಹಿ. ಪತ್ರಕರ್ತರು ಇದನ್ನ ಅಕ್ರೆಡಿಟೇಷನ್ ಕಾರ್ಡ್ ಅಂತಾರೆ. ಸರ್ಕಾರಿ ಕನ್ನಡದಲ್ಲಿ ಮಾಧ್ಯಮ ಮಾನ್ಯತೆ. ಇದು ಜೇಬಿನಲ್ಲಿದ್ದರೆ ವಿಧಾನಸೌಧದ ಗೇಟಿನಲ್ಲಿ ಹೆಚ್ಚು ಪ್ರಶ್ನೆ ಕೇಳೋದಿಲ್ಲ, ಸರ್ಕಾರದ ಕಾರ್ಯಕ್ರಮದಲ್ಲಿ ಕೂರೋಕೆ ಜಾಗ ಸಿಗುತ್ತೆ, ಇನ್ನೂ ಒಂದಷ್ಟು ಸೌಲಭ್ಯ ಸಿಗುತ್ತೆ. ಅಷ್ಟೇ ಇದರ ಕೆಲಸ. ಇದು ಒಳಗೆ ಬಿಡುವ ಪಾಸು. ಸುದ್ದಿ ಹೇಳೋಕೆ ಕೊಟ್ಟ ಅನುಮತಿ ಅಲ್ಲ.

ಆದರೆ ಆರು ವರ್ಷದ ಹಿಂದೆ ಇದೇ ಮಂಗಳೂರಿನಲ್ಲಿ, ಒಂದು ದಿನ ಬೆಳಗ್ಗೆ, ಈ ಪಾಸು ಲೈಸೆನ್ಸ್ ಆಗಿಬಿಟ್ಟಿತ್ತು.

2019ರ ಡಿಸೆಂಬರ್ 19. ಪೌರತ್ವ ತಿದ್ದುಪಡಿ ಕಾಯ್ದೆ ವಿರೋಧಿಸಿ ನಗರದಲ್ಲಿ ಪ್ರತಿಭಟನೆ. ನಿಷೇಧಾಜ್ಞೆ ಇತ್ತು. ಬಂದರ್ ಭಾಗದಲ್ಲಿ ಕಲ್ಲು ತೂರಾಟ, ಲಾಠಿ, ಅಶ್ರುವಾಯು, ಕೊನೆಗೆ ಗುಂಡು. ಇಬ್ಬರು ಸತ್ತರು. ರಾತ್ರಿ ಕರ್ಫ್ಯೂ ಬಂತು, ಜಿಲ್ಲೆಯಲ್ಲಿ ಮೊಬೈಲ್ ಇಂಟರ್ನೆಟ್ ಹೋಯಿತು. ಇಡೀ ದಕ್ಷಿಣ ಕನ್ನಡದಲ್ಲಿ ಯಾರ ಫೋನಿಗೂ ಒಂದು ವಾಟ್ಸಾಪ್ ಬಾರದ ಹೊತ್ತು ಅದು. ಊರಲ್ಲಿ ಏನಾಗಿದೆ ಅಂತ ಗಲ್ಫಿನಲ್ಲಿರುವ ಮಗನಿಗೂ ಗೊತ್ತಿಲ್ಲ, ಪಕ್ಕದ ಬೀದಿಯ ಅತ್ತಿಗೆಗೂ ಗೊತ್ತಿಲ್ಲ. ಉಳಿದದ್ದು ಟಿವಿ ಒಂದೇ.

ಮರುದಿನ ಬೆಳಗ್ಗೆ, ಡಿಸೆಂಬರ್ 20ಕ್ಕೆ, ವೆನ್ಲಾಕ್ ಆಸ್ಪತ್ರೆಯ ಶವಾಗಾರದ ಎದುರು ಮಲಯಾಳಂ ಚಾನೆಲ್‌ಗಳ ವರದಿಗಾರರು, ಕ್ಯಾಮೆರಾದವರು ನಿಂತು ವರದಿ ಮಾಡ್ತಾ ಇದ್ದರು. ಏಷ್ಯಾನೆಟ್, ಮೀಡಿಯಾ ಒನ್, ನ್ಯೂಸ್ 18 ಕೇರಳ, 24 ನ್ಯೂಸ್. ಪೊಲೀಸರು ಬಂದರು, ಗುರುತಿನ ಚೀಟಿ ಕೇಳಿದರು. ತಮ್ಮ ತಮ್ಮ ಸಂಸ್ಥೆಯ ಐಡಿ ಕಾರ್ಡ್ ತೋರಿಸಿದರು. ಅದು ಸಾಕಾಗಲಿಲ್ಲ. ಸರ್ಕಾರ ಕೊಟ್ಟ ಅಕ್ರೆಡಿಟೇಷನ್ ಕಾರ್ಡ್ ಎಲ್ಲಿ ಅನ್ನೋದು ಪೊಲೀಸರ ಪ್ರಶ್ನೆ. ಕ್ಯಾಮೆರಾ, ಮೊಬೈಲ್ ತೆಗೆದುಕೊಂಡು, ವಾಹನ ಹತ್ತಿಸಿ ಕರೆದುಕೊಂಡು ಹೋದರು. ಸುಮಾರು ಏಳು ಗಂಟೆ ಹಿಡಿದಿಟ್ಟರು. ಆಮೇಲೆ ತಲಪಾಡಿ ಗಡಿಗೆ ಒಯ್ದು ಕೇರಳದ ಕಡೆ ಬಿಟ್ಟು ಬಂದರು.

ಅವರು ಯಾವ ಸುಳ್ಳು ಹೇಳಿದರು ಅಂತ ಯಾರೂ ಕೇಳಲಿಲ್ಲ. ಯಾವ ವರದಿ ತಪ್ಪು ಅಂತ ಯಾರೂ ತೋರಿಸಲಿಲ್ಲ. ಕಾರ್ಡ್ ಇಲ್ಲ, ಹಾಗಾಗಿ ನೀವು ಪತ್ರಕರ್ತರಲ್ಲ. ಇಷ್ಟೇ ತರ್ಕ. ಅದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಆ ದಿನ ಕೆಲವು ಕನ್ನಡ ಚಾನೆಲ್‌ಗಳ ಪರದೆ ಮೇಲೆ ಇವರು 'ನಕಲಿ ಪತ್ರಕರ್ತರು' ಆಗಿದ್ದರು. ಅಲ್ಲೇ ಮಗ್ಗುಲಲ್ಲಿ ಮೈಕ್ ಹಿಡಿದು ನಿಂತಿದ್ದವರು ನಕಲಿಯಾ ಅಸಲಿಯಾ ಅಂತ ಒಂದು ಫೋನ್ ಮಾಡಿ ತಿಳಿದುಕೊಳ್ಳೋದು ಕಷ್ಟದ ಕೆಲಸವಾಗಿರಲಿಲ್ಲ.

ನಿಮಗೆ ಒಂದು ವಿಷಯ ಹೇಳಬೇಕು. ಟಿವಿಯಲ್ಲಿ ನೀವು ದಿನಾ ನೋಡುವ ವರದಿಗಾರರಲ್ಲಿ ಹೆಚ್ಚಿನವರ ಹತ್ತಿರ ಈ ಸರ್ಕಾರಿ ಕಾರ್ಡ್ ಇರೋದೇ ಇಲ್ಲ. ಒಂದು ಸಂಸ್ಥೆಗೆ ಇಂತಿಷ್ಟು ಅಂತ ಲೆಕ್ಕ ಇರುತ್ತೆ, ಇಷ್ಟು ವರ್ಷದ ಅನುಭವ ಇರಬೇಕು ಅಂತ ನಿಯಮ ಇರುತ್ತೆ. ಸಿಗೋದು ಹಿರಿಯರಿಗೆ. ಮಳೆಯಲ್ಲಿ ನಿಂತು ಗುಡ್ಡ ಕುಸಿತ ತೋರಿಸುವ ಹುಡುಗನಿಗೆ ಅಲ್ಲ, ತಾಲೂಕಿನ ಅರೆಕಾಲಿಕ ವರದಿಗಾರನಿಗಂತೂ ಅಲ್ಲವೇ ಅಲ್ಲ. ವೆನ್ಲಾಕ್ ಎದುರಿನ ಅಳತೆಗೋಲು ಹಿಡಿದರೆ ನಾಳೆ ಬೆಳಗ್ಗೆ ಕರ್ನಾಟಕದ ಸುದ್ದಿಮನೆಗಳಲ್ಲಿ ಮುಕ್ಕಾಲು ಕುರ್ಚಿ ಖಾಲಿ.

ಹಳೆ ಕಥೆ ಯಾಕೆ ಈಗ ಅಂತೀರಾ? ಹೊಸದೊಂದು ಬೇಡಿಕೆ ಬಂದಿದೆ. 2025ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮುಂದೆ ಟಿವಿ ಪತ್ರಕರ್ತರ ಕಡೆಯಿಂದಲೇ ಒಂದು ಮನವಿ ಹೋಯಿತು. ಯೂಟ್ಯೂಬ್ ಚಾನೆಲ್‌ಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಿ ಅಂತ. ಪರಿಶೀಲಿಸುತ್ತೇವೆ ಅಂದರು ಮುಖ್ಯಮಂತ್ರಿಗಳು. ಕೇಳಿದವರು ನಮ್ಮವರೇ, ನನ್ನ ಸ್ನೇಹಿತರೂ ಅದರಲ್ಲಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತೆ. ಆದರೂ ಈ ವಿಷಯದಲ್ಲಿ ನಾನು ಅವರ ಜೊತೆ ಇಲ್ಲ. ಯಾಕೆ ಅಂತ ಹೇಳ್ತೀನಿ.

ಮೊದಲು ಆ ಸಿಟ್ಟಿನ ಕಾರಣ ನೋಡೋಣ. ಬೈಕಿಗೆ 'ಪ್ರೆಸ್' ಅಂತ ಸ್ಟಿಕ್ಕರ್ ಅಂಟಿಸಿಕೊಂಡು ಹೆಲ್ಮೆಟ್ ಇಲ್ಲದೆ ಓಡಾಡುವವರಿದ್ದಾರೆ. ಲೋಗೋ ಇರುವ ಮೈಕ್ ಹಿಡಿದು ಮರಳಿನ ಲಾರಿ ಅಡ್ಡ ಹಾಕಿ 'ಸುದ್ದಿ ಮಾಡಬೇಕಾ, ಬಿಡಬೇಕಾ' ಅಂತ ವ್ಯಾಪಾರ ಮಾಡುವವರಿದ್ದಾರೆ. ಯಾರದೋ ಮನೆಯ ಹೆಣ್ಣುಮಗಳ ಮಾನ ಹರಾಜು ಹಾಕಿ ವ್ಯೂಸ್ ಎಣಿಸುವವರೂ ಇದ್ದಾರೆ. ಇದೆಲ್ಲ ನಿಜ. ಆದರೆ ಹೆದರಿಸಿ ಹಣ ಕೀಳೋದು ಸುಲಿಗೆ. ಅದಕ್ಕೆ ಭಾರತೀಯ ನ್ಯಾಯ ಸಂಹಿತೆಯ 308ನೇ ಸೆಕ್ಷನ್ ಇದೆ. ಮಾನಹಾನಿಗೆ 356 ಇದೆ. ಮೈಕ್ ಹಿಡಿದು ಸುಲಿಗೆ ಮಾಡಿದರೂ ಸುಲಿಗೆಯೇ, ಕತ್ತಿ ಹಿಡಿದು ಮಾಡಿದರೂ ಸುಲಿಗೆಯೇ. ಕೇಸು ಹಾಕಿ, ಒಳಗೆ ಕಳಿಸಿ. ಅದಕ್ಕೆ ಲೈಸೆನ್ಸ್ ಯಾಕೆ? ಲೈಸೆನ್ಸ್ ಬಂದ ಮೇಲೆ ಇದೇ ವ್ಯಕ್ತಿ ಮೊದಲು ಸಾಲಿನಲ್ಲಿ ನಿಂತು ಅರ್ಜಿ ಹಾಕ್ತಾನೆ, ಶಾಸಕರಿಂದ ಶಿಫಾರಸು ತರ್ತಾನೆ, ಅದನ್ನ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕ್ತಾನೆ. ಆಮೇಲೆ ಲಾರಿಯವನು ಕೊಡಬೇಕಾದ ರೇಟು ಜಾಸ್ತಿ ಆಗುತ್ತೆ, ಅಷ್ಟೇ.

ಇನ್ನು ಸುಳ್ಳು ಸುದ್ದಿ. 2016ರ ನವೆಂಬರ್ ನೆನಪಿದೆಯಾ? ಎರಡು ಸಾವಿರದ ಹೊಸ ನೋಟಿನಲ್ಲಿ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹ ಹುಡುಕುತ್ತೆ ಅಂತ ಹೇಳಿದ್ದು ಯಾರು? ಕೇಂದ್ರ ಸರ್ಕಾರದಿಂದ ಸಾಲುಸಾಲು ಅನುಮತಿ ಪಡೆದು ಉಪಗ್ರಹಕ್ಕೆ ಸಿಗ್ನಲ್ ಏರಿಸುವ ಸುದ್ದಿವಾಹಿನಿಗಳಲ್ಲೇ ಅದು ಬಂತು. ಕನ್ನಡದಲ್ಲೂ ಬಂತು. ಜನ ಇವತ್ತಿಗೂ ಅದನ್ನ ಹೇಳಿ ನಗ್ತಾರೆ. ಲೈಸೆನ್ಸ್ ಸುಳ್ಳನ್ನ ತಡೆಯೋದಾಗಿದ್ದರೆ ಆ ಚಿಪ್ ಹುಟ್ಟುತ್ತಲೇ ಇರಲಿಲ್ಲ.

'ಡಾಕ್ಟರಿಗೆ ಲೈಸೆನ್ಸ್ ಇದೆ, ವಕೀಲರಿಗೆ ಸನ್ನದು ಇದೆ, ಬಸ್ ಡ್ರೈವರ್‌ಗೂ ಇದೆ, ಪತ್ರಕರ್ತನಿಗೆ ಇದ್ದರೇನು ಕಷ್ಟ?' ಇದು ಬಹಳ ಜನ ಕೇಳುವ ಪ್ರಶ್ನೆ, ನ್ಯಾಯವಾದ ಪ್ರಶ್ನೆಯೇ. ನೋಡಿ, ಸ್ಟೇಟ್‌ಬ್ಯಾಂಕ್‌ನಿಂದ ತಲಪಾಡಿಗೆ ಹೋಗುವ ಸಿಟಿ ಬಸ್ಸಿನ ಡ್ರೈವರ್ ಎಷ್ಟು ಚೆನ್ನಾಗಿ ಬಸ್ ಓಡಿಸಿದರೂ ಆರ್‌ಟಿಒ ಸಾಹೇಬರ ಕುರ್ಚಿ ಅಲ್ಲಾಡೋದಿಲ್ಲ. ಪತ್ರಕರ್ತ ತನ್ನ ಕೆಲಸ ಚೆನ್ನಾಗಿ ಮಾಡಿದರೆ ಅಲ್ಲಾಡೋದೇ ಲೈಸೆನ್ಸ್ ಕೊಡುವವರ ಕುರ್ಚಿ. ವ್ಯತ್ಯಾಸ ಅಲ್ಲಿದೆ. ಯಾರ ಬಗ್ಗೆ ಬರೀಬೇಕೋ ಅವರ ಹತ್ತಿರವೇ ಬರೆಯೋಕೆ ಅಪ್ಪಣೆ ಕೇಳಬೇಕು ಅಂದರೆ ಏನರ್ಥ?

ಇನ್ನೊಂದು ವ್ಯತ್ಯಾಸವನ್ನ ನಮ್ಮ ಸಂವಿಧಾನ ಬರೆದವರೇ ಹೇಳಿದ್ದಾರೆ. ಪತ್ರಿಕಾ ಸ್ವಾತಂತ್ರ್ಯಕ್ಕೆ ಅಂತ ಬೇರೆ ವಿಧಿ ಯಾಕಿಲ್ಲ ಅಂತ 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಪ್ರಶ್ನೆ ಬಂದಾಗ ಡಾ. ಅಂಬೇಡ್ಕರ್ ಕೊಟ್ಟ ಉತ್ತರದ ಸಾರ ಇದು: ಸಂಪಾದಕನೂ ಒಬ್ಬ ಪ್ರಜೆ, ಪತ್ರಿಕೆಗೆ ಪ್ರಜೆಗಿಲ್ಲದ ವಿಶೇಷ ಹಕ್ಕು ಯಾವುದೂ ಇಲ್ಲ, ಪ್ರಜೆಗೆ ಕೊಟ್ಟ ಮಾತಿನ ಹಕ್ಕೇ ಸಾಕು. ಅಂದರೆ 19(1)(ಎ) ನನಗೆ ಆ್ಯಂಕರ್ ಅಂತ ಸಿಕ್ಕಿದ್ದಲ್ಲ. ಸುರತ್ಕಲ್‌ನಲ್ಲಿ ಮೀನು ಮಾರುವ ಅಕ್ಕನಿಗೆ ಎಷ್ಟಿದೆಯೋ ನನಗೂ ಅಷ್ಟೇ ಇದೆ. ಶಸ್ತ್ರಚಿಕಿತ್ಸೆ ಮಾಡುವ ಹಕ್ಕು ಎಲ್ಲ ಪ್ರಜೆಗಳಿಗೂ ಇಲ್ಲ, ಹಾಗಾಗಿ ಡಾಕ್ಟರಿಗೆ ಲೈಸೆನ್ಸ್. ಕಂಡದ್ದನ್ನ ಹೇಳುವ ಹಕ್ಕು ಎಲ್ಲರಿಗೂ ಇದೆ. ಪತ್ರಕರ್ತನಿಗೆ ಲೈಸೆನ್ಸ್ ಅಂದ ತಕ್ಷಣ ಲೈಸೆನ್ಸ್ ಇಲ್ಲದ ಆ ಅಕ್ಕನ ಕೈಯಿಂದ ಹಕ್ಕು ಕಿತ್ತುಕೊಂಡ ಹಾಗಾಯಿತು. ತನ್ನ ಬೀದಿಯ ಚರಂಡಿ ಉಕ್ಕಿದ್ದನ್ನ ಮೊಬೈಲ್‌ನಲ್ಲಿ ಹಿಡಿದು ಹಾಕಿದರೆ 'ನೀವು ಯಾವ ಚಾನೆಲ್, ಲೈಸೆನ್ಸ್ ತೋರಿಸಿ' ಅನ್ನುವ ಅಧಿಕಾರ ಪಾಲಿಕೆಯ ಇಂಜಿನಿಯರಿಗೆ ಬರುತ್ತೆ.

ಇದು ಕಲ್ಪನೆ ಅಲ್ಲ, ಬೇರೆ ದೇಶದಲ್ಲಿ ಮಾಡಿ ನೋಡಿದ್ದಾರೆ. ಮಧ್ಯ ಅಮೆರಿಕದ ಕೋಸ್ಟರಿಕಾದಲ್ಲಿ ಪತ್ರಕರ್ತರ ಸಂಘದ ಸದಸ್ಯತ್ವ ಇಲ್ಲದವರು ಪತ್ರಕರ್ತರ ಕೆಲಸ ಮಾಡೋದೇ ಅಪರಾಧವಾಗಿತ್ತು. ಸ್ಟೀಫನ್ ಶ್ಮಿಟ್ ಅನ್ನುವ ವರದಿಗಾರನಿಗೆ ಇದೇ ಕಾರಣಕ್ಕೆ ಶಿಕ್ಷೆಯಾಯಿತು. ವಿಷಯ ಅಮೆರಿಕ ಖಂಡದ ಮಾನವ ಹಕ್ಕುಗಳ ನ್ಯಾಯಾಲಯದ ತನಕ ಹೋಯಿತು. 1985ರ ನವೆಂಬರ್‌ನಲ್ಲಿ ಆ ನ್ಯಾಯಾಲಯ, ಕಡ್ಡಾಯ ಲೈಸೆನ್ಸ್ ಮಾತಿನ ಸ್ವಾತಂತ್ರ್ಯಕ್ಕೆ ವಿರುದ್ಧ ಅಂತ ಅಭಿಪ್ರಾಯ ಕೊಟ್ಟಿತು. ಹತ್ತು ವರ್ಷ ಕಳೆದು ಅಲ್ಲಿನ ಸುಪ್ರೀಂ ಕೋರ್ಟೇ ಆ ಕಾನೂನನ್ನ ತೆಗೆದುಹಾಕಿತು.

ಅಷ್ಟು ದೂರ ಯಾಕೆ, ನಮ್ಮ ಮನೆಯ ಕಥೆಯೇ ಇದೆ. ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದು ಇದೇ ಊರಿನಲ್ಲಿ. 1843ರ ಜುಲೈ 1, ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಹೊರಡಿಸಿದ 'ಮಂಗಳೂರು ಸಮಾಚಾರ'. ಆ ದಿನವನ್ನೇ ನಾವು ಪತ್ರಿಕಾ ದಿನ ಅಂತ ಆಚರಿಸ್ತೀವಿ, ಹಾರ ಹಾಕ್ತೀವಿ, ಭಾಷಣ ಮಾಡ್ತೀವಿ. ಅದಕ್ಕೆ ಮುಂಚಿನ ಮಾತು ಯಾರೂ ಹೇಳೋದಿಲ್ಲ. 1823ರಲ್ಲಿ ಕಂಪನಿ ಸರ್ಕಾರ ಬಂಗಾಳದಲ್ಲಿ ಪತ್ರಿಕೆಗೆ ಲೈಸೆನ್ಸ್ ಕಡ್ಡಾಯ ಮಾಡಿತ್ತು. ರಾಜಾ ರಾಮಮೋಹನ ರಾಯರು ಅರ್ಜಿ ಹಾಕಿ ಹೋರಾಡಿದರು, ಸೋತರು, ಅಪ್ಪಣೆ ಬೇಡುವುದಕ್ಕಿಂತ ನಿಲ್ಲಿಸುವುದೇ ವಾಸಿ ಅಂತ ತಮ್ಮ ಪರ್ಷಿಯನ್ ಪತ್ರಿಕೆ ನಿಲ್ಲಿಸಿದರು. 1835ರಲ್ಲಿ ಚಾರ್ಲ್ಸ್ ಮೆಟ್ಕಾಫ್ ಬಂದು ಲೈಸೆನ್ಸ್ ಕಿತ್ತುಹಾಕಿದ, ಯಾರು ಎಲ್ಲಿ ಅಚ್ಚು ಹಾಕ್ತಾರೆ ಅಂತ ತಿಳಿಸಿದರೆ ಸಾಕು ಅಂದ. 'ಮಂಗಳೂರು ಸಮಾಚಾರ' ಬಂದದ್ದು ಅದಾಗಿ ಎಂಟು ವರ್ಷಕ್ಕೆ. ಕನ್ನಡ ಪತ್ರಿಕೋದ್ಯಮ ಕಣ್ಣು ಬಿಟ್ಟದ್ದೇ ಲೈಸೆನ್ಸ್ ಹೋದ ಮೇಲೆ.

ಲೈಸೆನ್ಸ್ ಮತ್ತೆ ಬಂತು. 1857ರ ದಂಗೆಯ ಕಾಲದಲ್ಲಿ ಬ್ರಿಟಿಷರು ತಂದರು. ಅದು ಪರಂಗಿಯವರ ಕಥೆ ಅಂದುಕೊಂಡರೆ, ನಮ್ಮ ಮೈಸೂರು ಸಂಸ್ಥಾನವೂ ತಂದಿತು. 1908, ದಿವಾನ ವಿ.ಪಿ. ಮಾಧವರಾಯರ ಕಾಲ. ಸರ್ಕಾರದ ಅನುಮತಿ ಇಲ್ಲದೆ ಸಂಸ್ಥಾನದಲ್ಲಿ ಪತ್ರಿಕೆ ಹೊರಡಿಸುವ ಹಾಗಿಲ್ಲ ಅಂತ ಕಾನೂನು ಬಂತು. ಮೈಸೂರಿನ ತಾತಯ್ಯ, ಎಂ. ವೆಂಕಟಕೃಷ್ಣಯ್ಯ, ಪ್ರತಿಭಟಿಸಿ ತಾವು ನಡೆಸುತ್ತಿದ್ದ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಅವರೇನು ಬ್ಲ್ಯಾಕ್‌ಮೇಲ್ ಮಾಡುವವರಾಗಿರಲಿಲ್ಲ, ಬಡ ಮಕ್ಕಳಿಗೆ ಓದು, ಊಟ ಕೊಟ್ಟ ಮೇಷ್ಟ್ರು. ಲೈಸೆನ್ಸ್ ಮೊದಲು ಹೊರಗೆ ಕಳಿಸಿದ್ದು ಅಂಥವರನ್ನೇ.

ಈಗಿನ ಕಾಲಕ್ಕೆ ಬರೋಣ. ಪತ್ರಿಕೆಗೆ ಈಗ ಲೈಸೆನ್ಸ್ ಇಲ್ಲ, ನೋಂದಣಿ ಇದೆ. ಟಿವಿಗೆ ಮಾತ್ರ ಅನುಮತಿ ಬೇಕು, ಅವಧಿ ಮುಗಿದಾಗ ನವೀಕರಣ ಬೇಕು. ನವೀಕರಣ ಅನ್ನೋ ಈ ಮಾತಿದೆಯಲ್ಲ, ಅದರ ಬೆಲೆ ಗೊತ್ತಾಗಬೇಕಾದರೆ ಮೀಡಿಯಾ ಒನ್ ಚಾನೆಲ್ಲನ್ನ ಕೇಳಬೇಕು. ಹೌದು, ವೆನ್ಲಾಕ್ ಎದುರು ಯಾರ ವರದಿಗಾರರನ್ನ ಹಿಡಿದಿದ್ದರೋ ಅದೇ ಚಾನೆಲ್. 2022ರ ಜನವರಿ 31ರಂದು ಕೇಂದ್ರ ಸರ್ಕಾರ ಅದರ ನವೀಕರಣಕ್ಕೆ ಇಲ್ಲ ಅಂದಿತು. ಕಾರಣ ಏನು? ಭದ್ರತೆ. ಯಾವ ಭದ್ರತೆ? ಹೇಳೋದಿಲ್ಲ. ಮುಚ್ಚಿದ ಲಕೋಟೆಯಲ್ಲಿ ಕೋರ್ಟಿಗೆ ಕೊಡ್ತೀವಿ, ಚಾನೆಲ್‌ನವರಿಗೆ ತೋರಿಸೋದಿಲ್ಲ. ಕೇರಳ ಹೈಕೋರ್ಟ್ ಆ ಲಕೋಟೆ ಓದಿ ಸರ್ಕಾರ ಮಾಡಿದ್ದು ಸರಿ ಅಂದಿತು. ಪರದೆ ಕಪ್ಪಾಯಿತು. ವಾರಗಟ್ಟಲೆ ಕಳೆದು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, 2023ರ ಏಪ್ರಿಲ್ 5ಕ್ಕೆ ಆದೇಶವನ್ನೇ ರದ್ದು ಮಾಡಿತು. ರಾಷ್ಟ್ರೀಯ ಭದ್ರತೆ ಅನ್ನೋ ಮಾತನ್ನ ಗಾಳಿಯಿಂದ ತಂದು ಹೇಳುವ ಹಾಗಿಲ್ಲ, ಸರ್ಕಾರದ ನೀತಿ ಟೀಕಿಸಿದ ಮಾತ್ರಕ್ಕೆ ಚಾನೆಲ್ ವ್ಯವಸ್ಥೆಯ ವಿರೋಧಿ ಆಗೋದಿಲ್ಲ ಅಂತ ಸ್ಪಷ್ಟವಾಗಿ ಹೇಳಿತು. ಗೆದ್ದರು. ಆದರೆ ಹದಿನಾಲ್ಕು ತಿಂಗಳು, ಸುಪ್ರೀಂ ಕೋರ್ಟಿನ ವಕೀಲರ ಫೀಸು. ಪುತ್ತೂರಿನಲ್ಲಿ ಒಬ್ಬನೇ ಕ್ಯಾಮೆರಾ ಹಿಡಿದು ಯೂಟ್ಯೂಬ್ ಸುದ್ದಿ ಮಾಡುವ ಹುಡುಗನ ಲೈಸೆನ್ಸ್ ನವೀಕರಣವಾಗಲಿಲ್ಲ ಅಂದರೆ ಅವನು ದೆಹಲಿಗೆ ಹೋಗ್ತಾನಾ, ಅಡಿಕೆ ತೋಟಕ್ಕೆ ಹೋಗ್ತಾನಾ?

ಅಕ್ರೆಡಿಟೇಷನ್ ಕಾರ್ಡೂ ನಿಧಾನವಾಗಿ ಅದೇ ದಾರಿ ಹಿಡಿದಿದೆ. 2018ರ ಏಪ್ರಿಲ್‌ನಲ್ಲಿ ಕೇಂದ್ರದ ವಾರ್ತಾ ಇಲಾಖೆ ಒಂದು ಆದೇಶ ತಂದಿತ್ತು. ಸುಳ್ಳು ಸುದ್ದಿ ಮಾಡಿದರೆ ಮೊದಲ ಸಲ ಆರು ತಿಂಗಳು, ಎರಡನೇ ಸಲ ಒಂದು ವರ್ಷ, ಮೂರನೇ ಸಲ ಶಾಶ್ವತವಾಗಿ ಮಾನ್ಯತೆ ರದ್ದು. ಗಲಾಟೆಯಾಗಿ, ಪ್ರಧಾನಿ ಕಚೇರಿಯೇ ಹೇಳಿ, ಒಂದೇ ದಿನದಲ್ಲಿ ವಾಪಸ್ ತೆಗೆದುಕೊಂಡರು. ಆದರೆ 2022ರ ಫೆಬ್ರವರಿಯ ಹೊಸ ಮಾರ್ಗಸೂಚಿ ಇನ್ನೊಂದು ಬಾಗಿಲಿಂದ ಬಂತು. ದೇಶದ ಸಾರ್ವಭೌಮತೆ, ಭದ್ರತೆಯಿಂದ ಹಿಡಿದು ಸಭ್ಯತೆ, ನೈತಿಕತೆ, ಮಾನಹಾನಿಯ ತನಕ ಇವುಗಳಿಗೆ ಧಕ್ಕೆ ತರುವ ಹಾಗೆ ನಡೆದುಕೊಂಡರೆ ಕಾರ್ಡ್ ವಾಪಸ್. ಸಭ್ಯತೆ ಯಾವುದು ಅಂತ ತೀರ್ಮಾನ ಮಾಡೋದು ಕೋರ್ಟಾ? ಅಲ್ಲ, ಕಾರ್ಡ್ ಕೊಡುವವರು.

ಲೈಸೆನ್ಸ್ ಇದ್ದರೆ ನಮಗೇ ರಕ್ಷಣೆ ಅಂತ ನಂಬಿರುವ ಸಹೋದ್ಯೋಗಿಗಳಿಗೆ ನವೀನ್ ಸೂರಿಂಜೆ ಪ್ರಕರಣ ನೆನಪಿಸ್ತೀನಿ. 2012ರ ಜುಲೈ 28, ಪಡೀಲಿನ ಹೋಂಸ್ಟೇ. ಹುಟ್ಟುಹಬ್ಬ ಆಚರಿಸುತ್ತಿದ್ದ ಹುಡುಗ ಹುಡುಗಿಯರ ಮೇಲೆ ಗುಂಪೊಂದು ನುಗ್ಗಿ ದಾಳಿ ಮಾಡಿತು. ಆ ದೃಶ್ಯ ದೇಶಕ್ಕೆ ಗೊತ್ತಾದದ್ದು ಸ್ಥಳದಲ್ಲಿದ್ದ ಟಿವಿ ವರದಿಗಾರರಿಂದ. ನವೀನ್ ಆಗ ಕಸ್ತೂರಿ ವಾಹಿನಿಯ ವರದಿಗಾರ. ಉದ್ಯೋಗ ಇತ್ತು, ಐಡಿ ಇತ್ತು, ಅನುಮತಿ ಪಡೆದ ಚಾನೆಲ್ ಬೆನ್ನಿಗಿತ್ತು. ದಾಳಿ ತೋರಿಸಿದವನನ್ನೇ ಆರೋಪಿ ಮಾಡಿ ನವೆಂಬರ್‌ನಲ್ಲಿ ಬಂಧಿಸಿದರು. ಹೈಕೋರ್ಟಿನ ಜಾಮೀನು ಸಿಕ್ಕಿ ಹೊರಬಂದದ್ದು ಮಾರ್ಚ್‌ನಲ್ಲಿ. ನಾಲ್ಕು ತಿಂಗಳಿಗೂ ಹೆಚ್ಚು ಜೈಲು. ಕೊನೆಗೆ ಸರ್ಕಾರವೇ ಕೇಸು ಹಿಂದಕ್ಕೆ ತೆಗೆದುಕೊಳ್ಳುವ ತೀರ್ಮಾನ ಮಾಡಬೇಕಾಯಿತು. ಯಾವ ಕಾರ್ಡ್ ಕಾಪಾಡಿತು? ಬೀದಿಗಿಳಿದು ಕೂಗಿದ ಪತ್ರಕರ್ತರು, ಓದುಗರು, ಲೇಖಕರು ಕಾಪಾಡಿದರು.

ಹೋದ ವರ್ಷ, 2025ರಲ್ಲಿ, ಧರ್ಮಸ್ಥಳ ಪ್ರಕರಣ. ಆ ವಿಷಯದ ಒಳಗೆ ಇವತ್ತು ಹೋಗೋದಿಲ್ಲ, ತನಿಖೆ ಬೇರೆ, ಕೋರ್ಟು ಬೇರೆ. ಯೂಟ್ಯೂಬ್‌ಗೆ ಲೈಸೆನ್ಸ್ ಅನ್ನುವ ಕೂಗು ಜೋರಾದದ್ದು ಆ ಗದ್ದಲದ ನಡುವೆ ಅನ್ನೋದಷ್ಟೇ ನನ್ನ ಮಾತು. ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಲಿಂಕ್‌ಗಳ ಪಟ್ಟಿ ಕೊಟ್ಟು, ಎದುರಿನವರ ಮಾತು ಕೇಳುವ ಮೊದಲೇ ಬಾಯಿ ಮುಚ್ಚಿಸುವ ಆದೇಶ ತಂದಿದ್ದರು. ಅದನ್ನ ಹೈಕೋರ್ಟಿನಲ್ಲಿ ಪ್ರಶ್ನೆ ಮಾಡಿದ್ದು ಯಾವ ದೊಡ್ಡ ವಾಹಿನಿ? ಯಾವುದೂ ಅಲ್ಲ. ನಮ್ಮ ಮಂಗಳೂರಿನ 'ಕುಡ್ಲ ರಾಂಪೇಜ್' ಅನ್ನುವ ಒಂದು ಯೂಟ್ಯೂಬ್ ಚಾನೆಲ್. ಆಗಸ್ಟ್ 1ಕ್ಕೆ ಹೈಕೋರ್ಟ್ ಆ ಆದೇಶ ರದ್ದು ಮಾಡಿ, ಹೊಸದಾಗಿ ವಿಚಾರಿಸಿ ಅಂತ ಕೆಳಗಿನ ಕೋರ್ಟಿಗೆ ಕಳಿಸಿತು. ಆ ಚಾನೆಲ್ ಹೇಳಿದ್ದೆಲ್ಲ ಸರಿ ಅಂತ ನಾನು ಹೇಳ್ತಾ ಇಲ್ಲ. ಆ ದಿನಗಳಲ್ಲಿ ಯೂಟ್ಯೂಬ್‌ನಲ್ಲಿ ಹಸಿ ಸುಳ್ಳೂ ಓಡಾಡಿತು. ಆದರೆ ಅಂಥ ಚಾನೆಲ್ ಆ ಜುಲೈಯಲ್ಲಿ ಲೈಸೆನ್ಸ್ ನವೀಕರಣಕ್ಕೆ ಅರ್ಜಿ ಹಾಕಿ ಕಾಯ್ತಾ ಇದ್ದಿದ್ದರೆ ಹೈಕೋರ್ಟ್ ಮೆಟ್ಟಿಲು ಹತ್ತುವ ಧೈರ್ಯ ಅದಕ್ಕಿರುತ್ತಿತ್ತಾ?

ಈ ಊರಿನ ಪತ್ರಿಕೋದ್ಯಮ ಯಾವತ್ತೂ ಅನುಮತಿ ಕಾಯ್ದು ಬೆಳೆದದ್ದಲ್ಲ. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಬೆಂಗಳೂರಿನ ಒಳ್ಳೆಯ ಕೆಲಸ ಬಿಟ್ಟು ಬಂದು, ಓದುಗರಿಂದಲೇ ಷೇರು ಸಂಗ್ರಹಿಸಿ ಮಂಗಳೂರಿನಲ್ಲಿ 'ಮುಂಗಾರು' ಕಟ್ಟಿದರು. ಅನುಭವವೇ ಇಲ್ಲದ ಹುಡುಗರಿಗೆ ಪೆನ್ನು ಕೊಟ್ಟರು. ಅವರಲ್ಲಿ ಎಷ್ಟೋ ಮಂದಿ ಮುಂದೆ ಕನ್ನಡ ಪತ್ರಿಕೋದ್ಯಮದ ದೊಡ್ಡ ಹೆಸರಾದರು. ಇಷ್ಟು ಅನುಭವ, ಇಂಥ ಡಿಗ್ರಿ, ಇಂಥ ಸಂಸ್ಥೆಯ ಪತ್ರ ಅಂತ ಆಗ ಲೈಸೆನ್ಸ್ ನಿಯಮ ಇದ್ದಿದ್ದರೆ ಆ ಹುಡುಗರು ಬಾಗಿಲಲ್ಲೇ ಉಳಿಯುತ್ತಿದ್ದರು.

ಹಾಗಾದರೆ ಏನು ಮಾಡೋದು ಅಂತ ಮುಖ್ಯಮಂತ್ರಿಗಳು ನನ್ನನ್ನ ಕೇಳಿಲ್ಲ, ಆದರೂ ಹೇಳ್ತೀನಿ. ಸುಲಿಗೆ ದೂರು ಬಂದರೆ ತಿಂಗಳೊಳಗೆ ಚಾರ್ಜ್‌ಶೀಟ್ ಹಾಕಿಸಿ. ಯೂಟ್ಯೂಬ್ ಸುದ್ದಿ ಮಾಡುವವರು ತಮ್ಮ ಹೆಸರು, ದೂರು ಕೊಡುವ ವಿಳಾಸ ಪುಟದಲ್ಲಿ ಹಾಕಲಿ. ಅದು ಮೆಟ್ಕಾಫ್ ಕಾಲದ ಮಾಹಿತಿಯಷ್ಟೇ, ಅಪ್ಪಣೆ ಅಲ್ಲ. ಸರ್ಕಾರಿ ಜಾಹೀರಾತು ಯಾರಿಗೆ ಕೊಡಬೇಕು ಅನ್ನೋದಕ್ಕೆ ಕಟ್ಟುನಿಟ್ಟಿನ ನಿಯಮ ಮಾಡಿ, ಅದು ತೆರಿಗೆಯ ದುಡ್ಡು, ಅಲ್ಲಿ ನಿಮಗೆ ಹಕ್ಕಿದೆ. ಇನ್ನೊಂದು ಕೆಲಸ, ಅದಕ್ಕೆ ಮಸೂದೆ ಬೇಡ, ಅಧಿವೇಶನ ಬೇಡ. ಗೃಹ ಇಲಾಖೆಯಿಂದ ಪ್ರತಿ ಠಾಣೆಗೆ ಒಂದು ಪುಟದ ಸುತ್ತೋಲೆ ಕಳಿಸಿ: ಅಕ್ರೆಡಿಟೇಷನ್ ಕಾರ್ಡ್ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಯಾವ ವರದಿಗಾರನನ್ನೂ ಸ್ಥಳದಿಂದ ಎಬ್ಬಿಸುವ ಹಾಗಿಲ್ಲ, ಕ್ಯಾಮೆರಾ ಮುಟ್ಟುವ ಹಾಗಿಲ್ಲ, ವಾಹನ ಹತ್ತಿಸುವ ಹಾಗಿಲ್ಲ. ಮೊದಲ ಪ್ರತಿ ವೆನ್ಲಾಕ್ ಆಸ್ಪತ್ರೆ ಇರುವ ಸರಹದ್ದಿನ ಠಾಣೆಗೆ ಬರಲಿ.